ವೈಫೈ ಎಂಬ ಗೋಮಾಳ: ಲ್ಯಾಪ್‌ಟಾಪ್ ನೆಟ್ ಪದೇ ಪದೇ ಕಟ್ಟಾಗೋದು ಯಾಕೆ?

ಶಹಾಪುರದ ಒಂದು ಮನೆ ಅಂದ್ಕೊಳ್ಳಿ. ಸ್ಕಾಲರ್‌ಶಿಪ್ ಅರ್ಜಿಗೆ ಇವತ್ತೇ ಕೊನೆ ದಿನ. ಎಲ್ಲಾ ತುಂಬಿಸಿ ‘ಸಬ್ಮಿಟ್’ ಒತ್ತಿದ್ರೆ ಲ್ಯಾಪ್‌ಟಾಪ್‌ನ ವೈಫೈ ಕಟ್! ಅದೇ ವೈಫೈ ಹಿಡಿದಿರೋ ಮೊಬೈಲ್ ಮಾತ್ರ ಆರಾಮಾಗಿದೆ. ತಪ್ಪು ಯಾರದು? ಉತ್ತರಕ್ಕೆ 1947ಕ್ಕೆ ಹೋಗಬೇಕು.

ಆ ವರ್ಷ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಅಂತರರಾಷ್ಟ್ರೀಯ ರೇಡಿಯೋ ಸಮ್ಮೇಳನ ನಡೆಯಿತು. ತರಂಗಾಂತರ ಹಂಚುವಾಗ 2.4 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿಯನ್ನು ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಯಂತ್ರಗಳಿಗೆ ಬಿಟ್ಟರು. ಮೈಕ್ರೋವೇವ್ ಓವನ್ ಕೆಲಸ ಮಾಡೋದೂ ಇಲ್ಲೇ. ನಮ್ಮ ಮಾತಿನಲ್ಲಿ ಹೇಳೋದಾದ್ರೆ, ಮೊಬೈಲ್ ಕಂಪನಿಗಳು ಹಣ ಕೊಟ್ಟು ಪಡೆದ ತರಂಗಾಂತರ ಪಟ್ಟಾ ಜಮೀನು, ಇದು ಗೋಮಾಳ. ಯಾರ ದನವಾದರೂ ಮೇಯಬಹುದು, ‘ನಿನ್ನದು ಅಡ್ಡ ಬಂತು’ ಅಂತ ಜಗಳ ಮಾಡೋ ಹಾಗಿಲ್ಲ.

1985ರಲ್ಲಿ ಅಮೆರಿಕ ಈ ಗೋಮಾಳದಲ್ಲಿ ಲೈಸೆನ್ಸ್ ಇಲ್ಲದೆ ಸಂವಹನಕ್ಕೂ ಅವಕಾಶ ಕೊಟ್ಟಿತು. 1997ರಲ್ಲಿ 802.11 ಎಂಬ ಮಾನದಂಡ ಬಂತು; ವೇಗ ಸೆಕೆಂಡಿಗೆ ಬರೀ 2 ಮೆಗಾಬಿಟ್. ‘ವೈಫೈ’ ಅನ್ನೋ ಹೆಸರು ಸಿಕ್ಕಿದ್ದು 1999ರಲ್ಲಿ. ಭಾರತ 2.4ಕ್ಕೆ ಲೈಸೆನ್ಸ್ ಬೇಡ ಅಂದಿದ್ದು 2005ರಲ್ಲಿ, 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು ಬಿಟ್ಟುಕೊಟ್ಟಿದ್ದು 2018ರಲ್ಲಿ.

ಈಗ ನಮ್ಮ ಲ್ಯಾಪ್‌ಟಾಪ್‌ಗೆ ಬರೋಣ. ಮೊದಲು ಒಂದು ಪರೀಕ್ಷೆ: ಮೊಬೈಲ್‌ನಲ್ಲೂ ನೆಟ್ ಹೋಯ್ತಾ? ಹೋದ್ರೆ ರೂಟರ್ ಅಥವಾ ಹೊರಗಿನ ಲೈನ್ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಹೋದ್ರೆ ಎರಡು ಅನುಮಾನ.

ಒಂದು, ಮೊಬೈಲ್ 5ರಲ್ಲಿದ್ದು, ಲ್ಯಾಪ್‌ಟಾಪ್ 2.4ರ ಗದ್ದಲದಲ್ಲಿ ಸಿಕ್ಕಿರಬಹುದು. ಬ್ಲೂಟೂತ್, ಪಕ್ಕದ ಮನೆಗಳ ರೂಟರ್ ಎಲ್ಲಾ ಅಲ್ಲೇ. 5ಕ್ಕೆ ಬದಲಿಸಿ. ಆದ್ರೆ ಸುರಪುರದ ಹಳೇ ಕಲ್ಲಿನ ಮನೆಯಂಥ ದಪ್ಪ ಗೋಡೆಯನ್ನು 5 ಅಷ್ಟು ಸುಲಭವಾಗಿ ದಾಟಲ್ಲ. ಒಂದೇ ಕೋಣೆಯಲ್ಲಿದ್ರೆ 5, ಗೋಡೆ ಅಡ್ಡ ಇದ್ರೆ 2.4. ಆಗ ರೂಟರ್ ಚಾನೆಲ್ 1, 6, 11ರಲ್ಲಿ ಖಾಲಿ ಇರೋದನ್ನ ಆರಿಸಿ.

ಎರಡು, ನಿದ್ದೆ. ಬ್ಯಾಟರಿ ಉಳಿಸಲು ವೈಫೈ ತೂಕಡಿಸೋ ವ್ಯವಸ್ಥೆ 1997ರ ಮಾನದಂಡದಲ್ಲೇ ಇತ್ತು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್ ತೆರೆಯಿರಿ. ‘ಪವರ್ ಮ್ಯಾನೇಜ್‌ಮೆಂಟ್’ ಕಂಡ್ರೆ, ವಿದ್ಯುತ್ ಉಳಿಸಲು ಆಫ್ ಮಾಡೋ ಟಿಕ್ ತೆಗೆಯಿರಿ. ಡ್ರೈವರ್ ಅಪ್‌ಡೇಟ್ ಮಾಡಿ. ಆಗಲೂ ಸರಿಹೋಗದಿದ್ರೆ ಆ ನೆಟ್‌ವರ್ಕ್ ಅನ್ನು ‘ಫರ್ಗೆಟ್’ ಮಾಡಿ ಮತ್ತೆ ಸೇರಿಸಿ.

ಇಷ್ಟಕ್ಕೆಲ್ಲಾ ಟೈಮ್ ಇಲ್ವಾ? ಹಾಟ್‌ಸ್ಪಾಟ್ ಕೂಡ ವೈಫೈನೇ, ಅದೇ ಗೋಮಾಳ. ಮೊಬೈಲ್‌ಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಮೊಬೈಲ್ ಡೇಟಾ ಬಳಸಿ. ಕೊನೆ ದಿನದ ಅರ್ಜಿಗೆ ಪಟ್ಟಾ ಜಮೀನಿನ ದಾರಿಯೇ ವಾಸಿ.