ಯುಗಚಕ್ರ ವಿಚಾರ



ಶ್ರಾವಣಮಾಸದ ಈ ಪ್ರವಚನಕ್ಕೆ ಕೊಪ್ಪಳದವರಷ್ಟೇ ಅಲ್ಲದೆ ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯ ಹಳ್ಳಿಗಳಿಂದಲೂ ಭಕ್ತರು ಬಂದಿರುವಿರಿ. ನಿನ್ನೆ ಪ್ರಸಾದವಾದ ಮೇಲೆ ವೃದ್ಧ ರೈತರೊಬ್ಬರು ನಮ್ಮ ಬಳಿ ಕುಳಿತು ಕೇಳಿದರು: "ಅಜ್ಜಾರ, ಆನೆಗುಂದ್ಯಾಗ ರಾಮ ಬಂದಿದ್ದ ಅಂತಾರ. ನಮ್ಮ ಕೊಪ್ಪಳದ ಗುಡ್ಡದಾಗ ಅರ್ಜುನ ತಪಸ್ಸು ಮಾಡಿದ್ದ ಅಂತಾರ. ಇಲ್ಲೇ ಬಂಡಿಮ್ಯಾಲೆ ಅಶೋಕನ ಬರಹನೂ ಐತಿ. ಇದರಾಗ ಯಾವುದು ಮೊದಲು, ಯಾವುದು ಆಮ್ಯಾಲೆ?" ಪಕ್ಕದಲ್ಲಿದ್ದ ತರುಣನೊಬ್ಬ ನಕ್ಕು, "ಯಾವುದಾದರೇನ್ರಿ ಅಜ್ಜಾರ, ಈಗ ಕಲಿಯುಗ. ನಡಿಯೂದೇ ಹಿಂಗ" ಎಂದನು. ಇಬ್ಬರಿಗೂ ಉತ್ತರ ಹೇಳುವುದು ಇಂದಿನ ವಿಷಯ.

ಶಾಸ್ತ್ರದಲ್ಲಿ ಕಾಲವು ಚಕ್ರವೆಂದು ಹೇಳಿದೆ. ಕೃತಯುಗಕ್ಕೆ 17,28,000 ವರ್ಷ, ತ್ರೇತೆಗೆ 12,96,000, ದ್ವಾಪರಕ್ಕೆ 8,64,000, ಕಲಿಗೆ 4,32,000. ನಾಲ್ಕೂ ಕೂಡಿ 43,20,000 ವರ್ಷಗಳ ಒಂದು ಮಹಾಯುಗ. ಅಂಥ ಸಾವಿರ ಮಹಾಯುಗ ಸಂದರೆ ಬ್ರಹ್ಮನಿಗೆ ಒಂದು ಹಗಲು, ಅದೇ ಕಲ್ಪ. ನಾವಿರುವುದು ಶ್ವೇತವರಾಹ ಕಲ್ಪದ ಏಳನೆಯದಾದ ವೈವಸ್ವತ ಮನ್ವಂತರದಲ್ಲಿ, ಅದರ 28ನೆಯ ಮಹಾಯುಗದ ಕಲಿಯಲ್ಲಿ.

ಚಕ್ರವೆಂದ ಮಾತ್ರಕ್ಕೆ ಕ್ರಮವಿಲ್ಲವೆಂದು ತಿಳಿಯಬಾರದು. ರೋಹಿಣಿ ಮಳೆಯಾದ ಮೇಲೆಯೇ ಮೃಗಶಿರ ಬರಬೇಕು. ಪ್ರತಿವರ್ಷವೂ ಅದೇ ಸರದಿ. ಆದರೂ ಹೋದ ವರ್ಷದ ಬೆಳೆ ಬೇರೆ, ಈ ವರ್ಷದ್ದು ಬೇರೆ. ಹಾಗೆಯೇ ರಾಮಕಥೆ ತ್ರೇತೆಯದು, ಪಾಂಡವರ ಕಥೆ ದ್ವಾಪರದ ಕಡೆಯದು. ಒಂದೇ ಕಥೆಯನ್ನು ಪುರಾಣಗಳು ಎರಡು ಬಗೆಯಾಗಿ ಹೇಳಿದರೆ ಪಂಡಿತರು ಕಲ್ಪಭೇದವೆನ್ನುವರು. ಶಿವಪುರಾಣದಲ್ಲಿಯೇ ಗಣಪತಿಯ ಶಿರಚ್ಛೇದಕ್ಕೆ ಶನಿಯ ದೃಷ್ಟಿ ಕಾರಣವೆಂಬುದು ಒಂದು ಕಲ್ಪದ ಕಥೆ, ಶಿವನೇ ಛೇದಿಸಿದನೆಂಬುದು ಮತ್ತೊಂದು ಕಲ್ಪದ ಕಥೆ ಎಂದು ಸಮನ್ವಯ ಮಾಡಿದೆ.

ಈ ಯುಗಕ್ರಮವನ್ನು ಭಾರತದ ವನಪರ್ವದಲ್ಲಿ ಬೋಧಿಸುವವನು ಯಾರು? ಅಂಜನಾದ್ರಿಯಲ್ಲಿ ಹುಟ್ಟಿದನೆಂದು ನಮ್ಮ ಜನ ನಂಬಿರುವ ಹನುಮಂತನೇ. ಸಮುದ್ರ ದಾಟಿದ ರೂಪವನ್ನು ತೋರಿಸೆಂದು ಭೀಮಸೇನ ಕೇಳಿದಾಗ, ಆ ಕಾಲ ಬೇರೆ, ಈ ಕಾಲ ಬೇರೆ ಎಂದು ಅವನು ಮೊದಲು ಒಪ್ಪಲಿಲ್ಲ. ನಾಲ್ಕು ಯುಗಗಳ ಧರ್ಮವನ್ನು ವಿವರಿಸಿ, ಭೀಮನು ಬಿಡದಿರಲು ಕಡೆಗೆ ತೋರಿಸಿದನು. ತ್ರೇತೆಯವನು ದ್ವಾಪರದವನಿಗೆ ಹೇಳಿದ ಪಾಠವಿದು.

ಇನ್ನು ಶಾಸನಗಳ ಲೆಕ್ಕ. ಪುರಾಣವು ಯುಗವನ್ನು ಹೇಳುತ್ತದೆ, ಶಾಸನವು ವರ್ಷವನ್ನು ಹೇಳುತ್ತದೆ. ಐಹೊಳೆಯ ಮೇಗುಟಿಯಲ್ಲಿ ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿಯು ಎರಡನ್ನೂ ಜೋಡಿಸಿದನು: ಭಾರತಯುದ್ಧದಿಂದ 3735 ವರ್ಷ, ಶಕವರ್ಷ 556, ಅಂದರೆ ಕ್ರಿ.ಶ. 634. ಈ ಗಣನೆಯಂತೆ ಕಲಿಯ ಆರಂಭ ಕ್ರಿ.ಪೂ. 3102. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಬ್ರಾಹ್ಮೀ ಬರಹ ಕ್ರಿ.ಪೂ. ಮೂರನೆಯ ಶತಮಾನದ್ದು, 1931ರಲ್ಲಿ ಬೆಳಕಿಗೆ ಬಂದಿತು. ಆದ್ದರಿಂದ ಹಿರಿಯರೇ, ರಾಮ ಮೊದಲು, ಅರ್ಜುನ ಆಮೇಲೆ, ಅಶೋಕ ಅವರ ತರುವಾಯ. ಆದರೆ ಮೊದಲಿನ ಎರಡು ನಂಬಿಕೆಯ ಕ್ರಮ, ಮೂರನೆಯದು ಕಲ್ಲಿನ ಸಾಕ್ಷಿ. ಒಂದರ ಅಳತೆಯಿಂದ ಮತ್ತೊಂದನ್ನು ಅಳೆಯಬಾರದು.

ಆ ಬಂಡೆಯಲ್ಲಿ ಇರುವುದೇನು? ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿತು, ಅದರಲ್ಲಿ ಒಂದು ವರ್ಷ ಹೆಚ್ಚಾಗಿ ಶ್ರಮಿಸಲಿಲ್ಲ, ಸಂಘವನ್ನು ಸೇರಿ ವರ್ಷದ ಮೇಲಾಯಿತು, ಈಗ ಚೆನ್ನಾಗಿ ಶ್ರಮಿಸುತ್ತಿರುವೆ ಎಂದು ಚಕ್ರವರ್ತಿಯು ಒಪ್ಪಿಕೊಂಡಿದ್ದಾನೆ. ದೊಡ್ಡವರಿಗೆ ಮಾತ್ರವಲ್ಲ, ಶ್ರಮಿಸಿದರೆ ಚಿಕ್ಕವರಿಗೂ ಸ್ವರ್ಗ ಸಾಧ್ಯವೆಂದು ಸಾರಿದ್ದಾನೆ. ನೋಡಿರಿ, ಅವನು ಕಾಲವನ್ನು ಎಣಿಸಿದ್ದು ತನ್ನ ಸಾಧನೆಯಿಂದ.

ತಮ್ಮಾ, ಈಗ ನಿನ್ನ ಮಾತಿಗೆ ಬರೋಣ. ಕಲಿಯುಗದಲ್ಲಿ ಸಂದಿರುವುದು ಐದು ಸಾವಿರದ ನೂರಕ್ಕೆ ಸ್ವಲ್ಪ ಮಿಕ್ಕಿದ ವರ್ಷ. ನೂರು ಪಾಲಿನಲ್ಲಿ ಸುಮಾರು ಒಂದು ಪಾಲು. ಕೃತಯುಗ ಬರಲಿ, ಆಮೇಲೆ ಒಳ್ಳೆಯವನಾಗುವೆನೆಂದರೆ ಇನ್ನೂ 4,26,000 ವರ್ಷಕ್ಕೂ ಮಿಕ್ಕಿ ಕಾಯಬೇಕು! ಅಣ್ಣತಮ್ಮಂದಿರು ಬದುವಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವುದಕ್ಕೂ, ಮುಪ್ಪಿನ ತಾಯಿಗೆ ಒಂದು ತುತ್ತು ಹಾಕದಿರುವುದಕ್ಕೂ ಕಲಿಯ ಮೇಲೆ ತಪ್ಪು ಹೊರಿಸುವುದು ರೂಢಿಯಾಗಿದೆ. ಇದು ಶಾಸ್ತ್ರವಲ್ಲ, ನೆಪ.

ಅಲ್ಲಮಪ್ರಭುದೇವರ ಒಂದು ವಚನದಲ್ಲಿ ನಾಲ್ಕು ಯುಗದ ಗುರುಗಳೂ ಬರುತ್ತಾರೆ. ಕೃತದಲ್ಲಿ ಗುರುವು ಶಿಷ್ಯನನ್ನು ಬಡಿದು ಕಲಿಸಿದನು, ತ್ರೇತೆಯಲ್ಲಿ ಬೈದು, ದ್ವಾಪರದಲ್ಲಿ ಗದರಿಸಿ, ಕಲಿಯುಗದಲ್ಲಿಯಾದರೋ ಶಿಷ್ಯನಿಗೆ ವಂದಿಸಿ ಕಲಿಸುತ್ತಾನೆ. ನಾಲ್ಕನ್ನೂ ಶಿಷ್ಯನು ಮಹಾಪ್ರಸಾದವೆಂದೇ ಸ್ವೀಕರಿಸುತ್ತಾನೆ. ಕಾಲ ತಿರುಗಿದರೂ ಬೋಧೆ ನಿಲ್ಲಲಿಲ್ಲ, ಶಿಷ್ಯನ ಭಾವವೂ ಕದಲಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕಲ್ಯಾಣದಲ್ಲಿ ಕಾಯಕ ದಾಸೋಹಗಳನ್ನು ನಡೆಸಿದ್ದು ಈ ಕಲಿಯುಗದಲ್ಲಿಯೇ ಅಲ್ಲವೇ?

ಯುಗದ ಸರದಿ ನಮ್ಮ ಕೈಯಲ್ಲಿಲ್ಲ; ಈ ದಿನದ ನಡೆ ನಮ್ಮ ಕೈಯಲ್ಲಿದೆ. ಇಷ್ಟನ್ನು ಮನಸ್ಸಿಗೆ ತಂದುಕೊಂಡು ಮನೆಗೆ ಹೋಗಿರಿ. ಪರಶಿವನು ಸರ್ವರಿಗೂ ಸನ್ಮಂಗಳವನ್ನು ಕರುಣಿಸಲೆಂದು ಹಾರೈಸಿ ಈ ದಿನದ ಪ್ರವಚನವನ್ನು ಮುಗಿಸುತ್ತೇವೆ.