‘ಬಿಟ್ಟ’ ಮತ್ತು ‘ಬಿಡಿಸಿದ್ರು’: ಗಡಹಿಂಗ್ಲಜ–ಇಚಲಕರಂಜಿ ಭಾಗದ ಕುಳ, ಬಾಡಿಗೆದಾರ ಮತ್ತು ನೋಟೀಸು

ಕನ್ನಡ ಎಂ.ಎ. ಓದುವವರಿಗೆ ಕಾಯ್ದೆಯ ಉಸಾಬರಿ ಯಾಕೆ ಅಂತ ಅನ್ನಿಸಬಹುದು. ನನ್ನನ್ನು ಇಲ್ಲಿಗೆ ತಂದದ್ದು ಒಂದು ಕ್ರಿಯಾಪದ. ಗಡಹಿಂಗ್ಲಜ ಕಡೆಯ ಕನ್ನಡದಲ್ಲಿ, ಈಚೆ ಸಂಕೇಶ್ವರ, ಹುಕ್ಕೇರಿಯ ಕನ್ನಡದಲ್ಲೂ, ಲಾವಣಿ ಹಿಡಿದ ಹೊಲ ಕೈತಪ್ಪಿದರೆ ಎರಡು ರೀತಿ ಹೇಳಬಹುದು: ‘ಹೊಲಾ ಬಿಟ್ಟ’, ಇಲ್ಲವೇ ‘ಹೊಲಾ ಬಿಡಿಸಿದ್ರು’. (ಲಾವಣಿ ಅಂದರೆ ಇಲ್ಲಿ ಹಾಡಲ್ಲ, ಗೇಣಿ.) ವ್ಯಾಕರಣಕ್ಕೆ ಇದು ಬರೀ ‘ಇಸು’ ಪ್ರತ್ಯಯದ ವ್ಯತ್ಯಾಸ. ಕಂದಾಯ ದಫ್ತರದಲ್ಲಿ ಮಾತ್ರ ಆ ಪ್ರತ್ಯಯದ ಮೇಲೆ ಒಂದು ಮನೆತನದ ಅನ್ನ ನಿಂತಿತ್ತು.

ಕೊಲ್ಹಾಪುರ ಸಂಸ್ಥಾನ 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದರ ಅಡಿಯಲ್ಲಿದ್ದ ಇಚಲಕರಂಜಿ ಜಹಗೀರೂ, ಗಡಹಿಂಗ್ಲಜ ತಾಲೂಕೂ ಜೊತೆಗೇ ಹೋದವು. ಮುಂಬಯಿಯ ಎರಡು ಕಾಯ್ದೆಗಳು ಹೀಗೆ ಇಲ್ಲಿಗೆ ಬಂದವು: ಮನೆ, ಅಂಗಡಿಗಳಿಗೆ 1947ರ ಬಾಡಿಗೆ ನಿಯಂತ್ರಣ ಕಾಯ್ದೆ, ಹೊಲಕ್ಕೆ 1948ರ ಗೇಣಿ ಕಾಯ್ದೆ. ಎರಡನೆಯದನ್ನು ಮರಾಠಿಯಲ್ಲಿ ಇವತ್ತಿಗೂ ‘ಕೂಳ ಕಾಯದಾ’ ಅಂತಲೇ ಕರೆಯುತ್ತಾರೆ. ನಮ್ಮಲ್ಲಿ ‘ದೊಡ್ಡ ಕುಳ’ ಅಂದರೆ ಹಣವಂತ. ಅಲ್ಲಿಯ ಕೂಳ ಇನ್ನೊಬ್ಬರ ಹೊಲ ಉಳುವವನು. ಗಡಿಯ ರೈತನಿಗೆ ಎರಡೂ ಅರ್ಥ ಗೊತ್ತಿದ್ದವು, ಆದರೆ ಅವನ ಹಕ್ಕು ನಿಂತಿದ್ದು 7/12 ಉತಾರದಲ್ಲಿ ಕುಳನ ಹೆಸರು ಬರೆಯುವ ಒಂದು ಕಿರಿದಾದ ಜಾಗದಲ್ಲಿ. ಅಲ್ಲಿ ಹೆಸರಿಲ್ಲದವನು ತಾನು ಕುಳ ಅಂತ ಬೇರೆ ಸಾಕ್ಷಿ ತಂದು ಸಿದ್ಧ ಮಾಡಬೇಕಿತ್ತು.

1948ರ ಕಾಯ್ದೆಯ ಮುಖ್ಯ ಗುಣ ಏನೆಂದರೆ, ಮಾಲಕನ ಕಾಗದಕ್ಕೂ ಕುಳನ ಹೊಲಕ್ಕೂ ನಡುವೆ ಅದು ಒಬ್ಬ ಅಧಿಕಾರಿಯನ್ನು ನಿಲ್ಲಿಸಿತು. ಮಾಮಲೇದಾರನ ಆದೇಶವಿಲ್ಲದೆ ಮಾಲಕ ಕಬಜಾ ತೆಗೆದುಕೊಳ್ಳುವಂತಿರಲಿಲ್ಲ. ನೋಟೀಸು ಬಂತು ಅಂದರೆ ಹೊಲ ಹೋಯಿತು ಅಂತಲ್ಲ, ತಕರಾರು ಶುರುವಾಯಿತು ಅಂತ. ಆದರೆ ಒಂದು ಬಾಗಿಲು ತೆರೆದೇ ಇತ್ತು. ಕುಳ ತಾನಾಗಿ ‘ರಾಜೀನಾಮಾ’ ಕೊಟ್ಟು ಹೊಲ ಒಪ್ಪಿಸಬಹುದಿತ್ತು. ಅದು ಬರಹದಲ್ಲಿರಬೇಕು, ಮಾಮಲೇದಾರನ ಮುಂದೆ ಪರಿಶೀಲನೆಯಾಗಬೇಕು ಎಂಬ ಷರತ್ತು ಇತ್ತು, ನಿಜ. ಆದರೆ ಊರಿನ ಗೌಡನ ಹತ್ತಿರ ಬೀಜಕ್ಕೆ, ಮದುವೆಗೆ ಸಾಲ ಮಾಡಿದವನು ಕಚೇರಿಯಲ್ಲಿ ‘ಖುಷಿಯಿಂದ ಬಿಟ್ಟೀನ್ರೀ’ ಅನ್ನದೆ ಮತ್ತೇನು ಅಂದಾನು? ವಿ.ಎಂ. ದಾಂಡೇಕರ ಮತ್ತು ಜಿ.ಜೆ. ಖುದಾನಪುರ ಈ ಕಾಯ್ದೆ ಹೇಗೆ ನಡೆಯಿತು ಅಂತ ತನಿಖೆ ಮಾಡಿದರು. ಪುಣೆಯ ಗೋಖಲೆ ಸಂಸ್ಥೆ ಆ ವರದಿಯನ್ನು 1957ರಲ್ಲಿ ಪ್ರಕಟಿಸಿತು. ‘ಸ್ವಇಚ್ಛೆಯ’ ಒಪ್ಪಿಸುವಿಕೆಗಳನ್ನು ಅದು ಅನುಮಾನದಿಂದಲೇ ನೋಡುತ್ತದೆ. ನನ್ನ ಮಾತಿನಲ್ಲಿ ಹೇಳುವುದಾದರೆ, ದಫ್ತರ ‘ಬಿಟ್ಟ’ ಅಂತ ಬರೆದುಕೊಂಡಿತು, ಊರು ‘ಬಿಡಿಸಿದ್ರು’ ಅಂತ ನೆನಪಿಟ್ಟುಕೊಂಡಿತು. ಹಳೆಯ ಕಾಗದ ಓದುವಾಗ ನಾವು ಮೊದಲನೆಯದನ್ನು ಸುಲಭವಾಗಿ ನಂಬಿಬಿಡುತ್ತೇವೆ.

1956ರ ತಿದ್ದುಪಡಿ ಈ ಕಥೆಯನ್ನು ಬಿಗಿಮಾಡಿತು. 1957ರ ಏಪ್ರಿಲ್ 1, ‘ಕೃಷಕ ದಿನ’: ಅಂದು ಕುಳ ತಾನು ಉಳುವ ಹೊಲವನ್ನು ಕಾಯ್ದೆಯ ಪ್ರಕಾರ ಕೊಂಡಂತೆಯೇ ಲೆಕ್ಕ. ತಾನೇ ಉಳುತ್ತೇನೆ ಎನ್ನುವ ಮಾಲಕ 1956ರ ಡಿಸೆಂಬರ್ 31ರ ಒಳಗೆ ಲಿಖಿತ ನೋಟೀಸು ಕೊಟ್ಟು, ಮಾರ್ಚ್ 31ರ ಒಳಗೆ ಮಾಮಲೇದಾರನಿಗೆ ಅರ್ಜಿ ಹಾಕಬೇಕಿತ್ತು. ಆಮೇಲೆ ಬೆಲೆ ಗೊತ್ತುಮಾಡಲು ನ್ಯಾಯಮಂಡಳಿಯೂ ನೋಟೀಸು ಕಳಿಸುತ್ತಿತ್ತು. ಒಂದು ನೋಟೀಸು ಹೊಲ ಕಿತ್ತುಕೊಳ್ಳಲು, ಇನ್ನೊಂದು ಕೊಡಲು. ಓದು ಬಾರದವನಿಗೆ ಎರಡೂ ಹೆದರಿಕೆಯ ಕಾಗದವೇ. ಎರಡನೆಯದಕ್ಕೆ ಹಾಜರಾಗದಿದ್ದರೆ, ಅಥವಾ ಹಾಜರಾಗಿ ‘ಕೊಳ್ಳೂದಿಲ್ಲ’ ಅಂದರೆ, ಖರೀದಿ ನಿಷ್ಫಲವಾಗುತ್ತಿತ್ತು. ನನಗೆ ಈ ಕಲಮು ಇಡೀ ಕಾಯ್ದೆಯಲ್ಲೇ ಕ್ರೂರ ಅನ್ನಿಸುತ್ತದೆ.

ಇದರ ನಡುವೆ 1956ರ ನವೆಂಬರ್ 1 ಬಂತು. ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಗಡಹಿಂಗ್ಲಜ ಮುಂಬಯಿಯಲ್ಲೇ ಉಳಿಯಿತು. ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಒಂದು ಬಸ್ಸಿನ ದಾರಿ. ಲಾವಣಿ, ಕೋರು ಎಂಬ ಮಾತುಗಳೂ ಅವೇ. ಆದರೆ ಮೈಸೂರಿನ 1961ರ ಭೂಸುಧಾರಣಾ ಕಾಯ್ದೆ ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವನು ಫಾರಂ ನಂಬರ್ 7 ತುಂಬುವ ಕಾಲ ಬಂದದ್ದು 1974ರ ಮಾರ್ಚ್ 1ರ ನಂತರ. ಒಂದೇ ಭಾಷೆಯ ಇಬ್ಬರು ಗೇಣಿದಾರರ ನಡುವೆ ಸುಮಾರು 17 ವರ್ಷ! ಗಡಿ ಚರ್ಚೆಯಲ್ಲಿ ಶಾಲೆ, ಫಲಕ, ಸಾಹಿತ್ಯದ ಮಾತು ಬರುತ್ತದೆ, ಈ ವ್ಯತ್ಯಾಸ ಅಷ್ಟಾಗಿ ಬರುವುದಿಲ್ಲ.

ಇಚಲಕರಂಜಿಯದು ಬೇರೆ ಥರ. ಅಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರ ಮೊದಲ ವಿದ್ಯುತ್ ಮಗ್ಗ ಹಾಕಿದರು, ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಬೆಂಬಲ ಸಿಕ್ಕಿತು, ಊರು ಬೆಳೆಯಿತು. ಕನ್ನಡ ಮಾತಾಡುವ ನೇಕಾರರೂ ಕೂಲಿಗಳೂ ಅಲ್ಲಿಗೆ ಹೋಗಿ ಖೋಲಿ ಹಿಡಿದರು. 1947ರ ಕಾಯ್ದೆಯ ಪ್ರಕಾರ ಬಾಡಿಗೆ ಕೊಡುತ್ತಿರುವವರೆಗೆ, ಕೊಡಲು ತಯಾರಿರುವವರೆಗೆ, ಬಾಕಿಯ ನೆಪದಲ್ಲಿ ಹೊರಗೆ ಹಾಕುವಂತಿಲ್ಲ. ಆದರೆ ಆರು ತಿಂಗಳು ಅಥವಾ ಹೆಚ್ಚಿನ ಬಾಕಿ ಇದ್ದು, ಬಾಡಿಗೆಯ ಮೊತ್ತದ ಬಗ್ಗೆ ತಕರಾರು ಎತ್ತದೆ, ನೋಟೀಸು ಬಂದ ಒಂದು ತಿಂಗಳಲ್ಲಿ ಹಣ ಕಟ್ಟದಿದ್ದರೆ ಮನೆ ಹೋದಂತೆ. ಅಂಥ ಪ್ರಕರಣದಲ್ಲಿ ಕರುಣೆ ತೋರಿಸುವ ವಿವೇಚನೆ ಕೋರ್ಟಿಗೂ ಇಲ್ಲ ಅಂತ 1978ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸುಮ್ಮನಿದ್ದರೆ ಒಪ್ಪಿದ ಹಾಗೆ! ವಕೀಲರ ಮರಾಠಿಯನ್ನೋ ಇಂಗ್ಲಿಷನ್ನೋ ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದ ನೇಕಾರನಿಗೆ ಒಂದು ತಿಂಗಳು ದೊಡ್ಡದಲ್ಲ.

2000ದ ಮಾರ್ಚ್ 31ರಿಂದ ಜಾರಿಯಲ್ಲಿರುವ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಆ ತಿಂಗಳನ್ನು 90 ದಿನ ಮಾಡಿದೆ. ದಾವೆ ಹೂಡಿ ಸಮನ್ಸ್ ಬಂದ ಮೇಲೂ 90 ದಿನದಲ್ಲಿ ಬಾಕಿ, ಶೇ. 15 ಬಡ್ಡಿ ಮತ್ತು ಖರ್ಚು ಕಟ್ಟಿದರೆ ಬಾಕಿಯ ಕಾರಣಕ್ಕೆ ಹೊರಗೆ ಹಾಕುವಂತಿಲ್ಲ. ನೀರು, ಕರೆಂಟು ಕಡಿದು ಓಡಿಸುವಂತಿಲ್ಲ. ಆದರೆ ಈಗ ಕೊಲ್ಹಾಪುರದಲ್ಲಿ ಖೋಲಿ ಹಿಡಿಯುವ ನಮ್ಮಂಥ ಹುಡುಗರ ಕೈಗೆ ಬರುವುದು ಹೆಚ್ಚಾಗಿ ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರು. ಅದರಲ್ಲಿ ನೀವು ಬಾಡಿಗೆದಾರರಲ್ಲ, ಲೈಸೆನ್ಸಿ. ಅವಧಿ ಮುಗಿದರೆ ಈ 90 ದಿನಗಳ ರಕ್ಷಣೆ ನಿಮಗಿಲ್ಲ. ಇಲ್ಲೂ ಒಂದು ಪದದ ಆಟವೇ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದ ಪ್ರಶ್ನೆ ಇಲ್ಲೇ ಸೇರಿಸುತ್ತೇನೆ: ಹಾಗಾದರೆ ಬಾಯಿಮಾತಿಗೆ ಕಾಯ್ದೆಯಲ್ಲಿ ಕಿಮ್ಮತ್ತೇ ಇಲ್ಲವೇ? ಸ್ವಲ್ಪ ಇದೆ. 1999ರ ಕಾಯ್ದೆಯ 55ನೇ ಕಲಮಿನ ಪ್ರಕಾರ ಕರಾರು ಬರೆದು ನೋಂದಣಿ ಮಾಡಿಸುವ ಜವಾಬ್ದಾರಿ ಮಾಲಕನದು. ಅವನು ಮಾಡಿಸದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ, ಸುಳ್ಳೆಂದು ಸಿದ್ಧವಾಗುವವರೆಗೆ. 1950ರ ದಶಕದ ಕುಳನಿಗೆ ಆ ಅನುಕೂಲ ಇರಲಿಲ್ಲ. ಹಾಗಾಗಿ ನನ್ನ ಮುಂದಿನ ಕೆಲಸ ಗಡಹಿಂಗ್ಲಜ ತಾಲೂಕಿನ ಕೆಲವು ಕನ್ನಡ ಹಳ್ಳಿಗಳ ಫೇರಫಾರ ವಹಿಗಳಲ್ಲಿ ‘ರಾಜೀನಾಮಾ’ ನಮೂದುಗಳನ್ನು ಹುಡುಕಿ, ಅವು 1956ರ ಡಿಸೆಂಬರಿನ ಆಸುಪಾಸಿನಲ್ಲಿ ಗುಂಪಾಗಿವೆಯೇ ಅಂತ ನೋಡುವುದು, ಅದೇ ಸರ್ವೆ ನಂಬರಿನ ಬಗ್ಗೆ ಹಿರಿಯರು ಯಾವ ಕ್ರಿಯಾಪದ ಬಳಸುತ್ತಾರೆ ಅಂತ ಪಕ್ಕಕ್ಕೆ ಬರೆದಿಡುವುದು.