ಖಾರದ ಕಣವೂ ನೋವಿನ ಬಾಗಿಲೂ

ವರದಾ ನದಿಯು ತುಂಗಭದ್ರೆಯನ್ನು ಸೇರುವ ಗಳಗನಾಥದ ಹೆಸರನ್ನು ನೀವು ಅದೇ ಹೆಸರಿನ ಕಾದಂಬರಿಕಾರರಿಂದಾಗಿ ಕೇಳಿರಬಹುದು. ಅದೇ ಹಾವೇರಿ ಜಿಲ್ಲೆಯ ಬ್ಯಾಡಗಿಯಂತೂ ಅಡುಗೆಮನೆಯಿಂದಲೇ ಪರಿಚಿತ. ಸುಕ್ಕುಗಟ್ಟಿದ ಸಿಪ್ಪೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದರ ಬಣ್ಣ ಕಡುಗೆಂಪು. ಖಾರ ಮಾತ್ರ ಕಡಿಮೆ. ಇದು ಹೇಗೆ ಸಾಧ್ಯ?

ಬಣ್ಣಕ್ಕೂ ಖಾರಕ್ಕೂ ಕಾರಣವಾದ ರಾಸಾಯನಿಕಗಳು ಬೇರೆ ಬೇರೆ. ಕೆಂಪು ಬಣ್ಣ ಕೊಡುವುದು ಮುಖ್ಯವಾಗಿ ಕ್ಯಾಪ್ಸಾಂತಿನ್ ಎಂಬ ಕ್ಯಾರೊಟಿನಾಯ್ಡ್. ಖಾರ ಕೊಡುವುದು ಕ್ಯಾಪ್ಸೈಸಿನ್ ಮತ್ತು ಅದರ ಬಂಧುಗಳು. ಇವು ಹೆಚ್ಚಾಗಿ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ.

ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಮೂಲಕ 16ನೇ ಶತಮಾನದಲ್ಲಿ ಭಾರತಕ್ಕೆ ಬಂದಿತು. ಅದರ ಖಾರದ ಅಂಶವನ್ನು 1816ರಲ್ಲಿ ಜರ್ಮನಿಯ ಬುಕೋಲ್ಸ್ ಅಶುದ್ಧ ರೂಪದಲ್ಲಿ ಬೇರ್ಪಡಿಸಿದರು. 1876ರಲ್ಲಿ ಇಂಗ್ಲೆಂಡಿನ ಥ್ರೆಷ್ ಅದಕ್ಕೆ ಕ್ಯಾಪ್ಸೈಸಿನ್ ಎಂದು ಹೆಸರಿಟ್ಟರು. 1919ರಲ್ಲಿ ನೆಲ್ಸನ್ ಅದರ ರಚನೆಯನ್ನು ತಿಳಿಸಿದರು. 1930ರಲ್ಲಿ ಪ್ರಯೋಗಾಲಯದಲ್ಲಿ ಅದರ ಸಂಶ್ಲೇಷಣೆಯೂ ಆಯಿತು. ಈ ನಡುವೆ, 1912ರಲ್ಲಿ, ಸ್ಕೊವಿಲ್ ಎಂಬ ಔಷಧ ವಿಜ್ಞಾನಿ ಸಕ್ಕರೆ ನೀರಿನಲ್ಲಿ ಸಾರವನ್ನು ತೆಳುಗೊಳಿಸುತ್ತಾ, ನಾಲಿಗೆಗೆ ಖಾರ ತಿಳಿಯದಾಗುವವರೆಗಿನ ಪ್ರಮಾಣದಿಂದ ಖಾರವನ್ನು ಅಳೆಯುವ ವಿಧಾನ ರೂಪಿಸಿದರು.

ಆದರೆ ಖಾರವು ಉಪ್ಪು, ಹುಳಿಗಳಂತೆ ಒಂದು ರುಚಿಯೇ? 1878ರಲ್ಲೇ ಹಂಗೇರಿಯ ಹೊಗ್ಯೆಷ್, ಈ ವಸ್ತು ಸಂವೇದಕ ನರಗಳ ಮೇಲೆ ಕೆಲಸ ಮಾಡುತ್ತದೆಂದು ಗುರುತಿಸಿದ್ದರು. ಮುಂದೆ ಅದೇ ದೇಶದ ಯಾಂಚೊ ಒಂದು ವಿಚಿತ್ರವನ್ನು ಕಂಡರು: ಕ್ಯಾಪ್ಸೈಸಿನ್ ಅನ್ನು ಮತ್ತೆ ಮತ್ತೆ ಕೊಟ್ಟ ಪ್ರಾಣಿಗಳು ಉರಿ ತರುವ ಇತರ ವಸ್ತುಗಳಿಗೂ ಸ್ಪಂದಿಸುತ್ತಿರಲಿಲ್ಲ. ಉರಿಸುವ ವಸ್ತುವೇ ಉರಿಯನ್ನು ಮರೆಸುತ್ತಿತ್ತು!

ಇದರ ಗುಟ್ಟು ತಿಳಿಯಲು 1997ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಡೇವಿಡ್ ಜೂಲಿಯಸ್ ತಂಡ, ನರಕೋಶದ ಪೊರೆಯಲ್ಲಿ ಕ್ಯಾಪ್ಸೈಸಿನ್‌ಗೆ ತೆರೆದುಕೊಳ್ಳುವ ಪ್ರೋಟೀನನ್ನು ಗುರುತಿಸಿತು. ಈಗ ಅದರ ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಉಷ್ಣಕ್ಕೂ ಅದು ತೆರೆಯುತ್ತದೆ. ಆಗ ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು ಒಳನುಗ್ಗಿ ನರದಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಅಂದರೆ ಬಾಯಿ ಸುಡದಿದ್ದರೂ ಮಿದುಳಿಗೆ ಹೋಗುವುದು ‘ಸುಡುತ್ತಿದೆ’ ಎಂಬ ಸುದ್ದಿ. ಉಷ್ಣಮಾಪಕವೇ ಇಲ್ಲಿ ಮೋಸಹೋಗುತ್ತದೆ. ಈ ಸಂಶೋಧನೆಗಾಗಿ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಪಟಪೂಟಿಯನ್ ಅವರೊಡನೆ ಹಂಚಿಕೊಂಡರು.

ಯಾಂಚೊ ಕಂಡ ವಿಚಿತ್ರ ಈಗ ಚಿಕಿತ್ಸೆಯಾಗಿದೆ. ಸರ್ಪಸುತ್ತು ವಾಸಿಯಾದ ಮೇಲೂ ಕೆಲವರನ್ನು ನರನೋವು ತಿಂಗಳುಗಟ್ಟಲೆ ಕಾಡುತ್ತದೆ; ಬಟ್ಟೆ ತಾಗಿದರೂ ಸಹಿಸಲಾಗದು. ಅಂಥವರಿಗಾಗಿ ಶೇಕಡಾ 8 ಕ್ಯಾಪ್ಸೈಸಿನ್ ಇರುವ ಪಟ್ಟಿಗೆ ಅಮೆರಿಕದಲ್ಲಿ 2009ರಲ್ಲಿ ಅನುಮತಿ ದೊರೆಯಿತು. ಹೆಚ್ಚಿನ ಪ್ರಮಾಣದ ಕ್ಯಾಪ್ಸೈಸಿನ್ ಚರ್ಮದಲ್ಲಿನ ನೋವಿನ ನರತುದಿಗಳನ್ನು ಕೆಲಕಾಲ ನಿಷ್ಕ್ರಿಯಗೊಳಿಸುತ್ತದೆ. ಅವು ಕ್ರಮೇಣ ಮತ್ತೆ ಬೆಳೆಯುತ್ತವೆ.

ಇದನ್ನೋದಿ ಯಾರೂ ನೋವಿಗೆ ಖಾರದ ಪುಡಿ ಹಚ್ಚಬಾರದು. ಪಟ್ಟಿಯನ್ನು ವೈದ್ಯರ ನಿಗಾದಲ್ಲಿ, ನಿಗದಿತ ಪ್ರಮಾಣದಲ್ಲಿ, ನಿಗದಿತ ಅವಧಿಗೆ ಬಳಸಲಾಗುತ್ತದೆ. ಪುಡಿಯಲ್ಲಿ ಎಷ್ಟು ಕ್ಯಾಪ್ಸೈಸಿನ್ ಇದೆಯೆಂಬುದು ತಳಿ, ಮಣ್ಣು, ಹವೆಗಳಿಗೆ ತಕ್ಕಂತೆ ಬದಲಾಗುತ್ತದೆ. ಔಷಧಕ್ಕೂ ಗಾಯಕ್ಕೂ ನಡುವಣ ಅಂತರ ಇರುವುದು ಪ್ರಮಾಣದಲ್ಲಿಯೇ.

ಶಿಕ್ಷಕರು ತರಗತಿಯಲ್ಲಿ ಒಂದು ಸರಳ ಪ್ರಯೋಗ ಮಾಡಿಸಬಹುದು. ಎರಡು ಪ್ರನಾಳಗಳಲ್ಲಿ ಚಿಟಿಕೆಯಷ್ಟು ಬ್ಯಾಡಗಿ ಪುಡಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಅಡುಗೆ ಎಣ್ಣೆ ಸೇರಿಸಿ ಕಲಕಿ. ಸ್ವಲ್ಪ ಹೊತ್ತಿನಲ್ಲಿ ಎಣ್ಣೆ ಚೆನ್ನಾಗಿ ಕೆಂಪಾಗುತ್ತದೆ, ನೀರು ಅಷ್ಟಾಗಿ ಆಗದು. ಕ್ಯಾಪ್ಸಾಂತಿನ್‌ನಂತೆ ಕ್ಯಾಪ್ಸೈಸಿನ್ ಕೂಡ ಎಣ್ಣೆಯಲ್ಲಿ ಕರಗುವಂಥದು. ಬಾಯಿ ಉರಿದಾಗ ನೀರಿಗಿಂತ ಮಜ್ಜಿಗೆ ಏಕೆ ಮೇಲು ಎಂಬುದನ್ನು ಮಕ್ಕಳೇ ಯೋಚಿಸಿ ಹೇಳಲಿ. ಪ್ರಯೋಗದ ನಂತರ ಕೈಯನ್ನು ಸಾಬೂನಿನಿಂದ ತೊಳೆಯುವವರೆಗೆ ಕಣ್ಣು ಮುಟ್ಟದಂತೆ ನೋಡಿಕೊಳ್ಳಿ.